ಆ ಸಲ 11 ಸೀಟು, ಮುಂದಿನ ಸಲ 38

2018ರಲ್ಲಿ ಪಿಯುಸಿ ಮುಗಿಸಿದಾಗ ವಾಯುಪಡೆಯ ಪೈಲಟ್ ಆಗಲು ನನಗೆ ಎರಡು ಅಡ್ಡಿ ಇದ್ದವು. ಒಂದು, ನಾನು ಹುಡುಗಿ. ಪಿಯುಸಿ ಆದವರನ್ನು ಸೇನೆಯ ಅಧಿಕಾರಿಗಳಾಗಿ ತಯಾರು ಮಾಡುವ ಎನ್‌ಡಿಎಗೆ ಆಗ ಹುಡುಗಿಯರು ಅರ್ಜಿಯನ್ನೇ ಹಾಕುವಂತಿರಲಿಲ್ಲ. ಇನ್ನೊಂದು ಕನ್ನಡಕ. ಎರಡೂ ಕಣ್ಣಿಗೆ ಮೈನಸ್ ಎರಡೂವರೆ. ಪೈಲಟ್ ಆಗುವವರಿಗೆ ದೂರದ್ದು ಕಾಣಿಸದ ದೋಷ ಸ್ವಲ್ಪವೂ ಇರಬಾರದು ಎಂದು ನಮ್ಮ ತೀರ್ಥಹಳ್ಳಿಯ ಮೇಷ್ಟ್ರೊಬ್ಬರು ಹೇಳಿದ್ದರು. ಅವರು ಹೇಳಿದ್ದು ನಿಜವೇ. ಸುಮ್ನೆ ಇಂಜಿನಿಯರಿಂಗ್ ಸೇರಿದೆ.

ಆಮೇಲೆ ನಾಲ್ಕು ವರ್ಷದಲ್ಲಿ ಎರಡೂ ಅಡ್ಡಿ ಪಕ್ಕಕ್ಕೆ ಸರಿದವು. ಅದು ಹೇಗೆ ಸರಿಯಿತು, ಹಾಗಿದ್ದೂ ನಾನು ಯಾಕೆ ಒಳಗೆ ಹೋಗಲಿಲ್ಲ ಎಂಬುದನ್ನು ಬರೆಯಬೇಕು ಅನ್ನಿಸಿದೆ. ಈಗ ತಯಾರಿ ಮಾಡುತ್ತಿರುವ ಹುಡುಗ ಹುಡುಗಿಯರು ವಾಯುಪಡೆಯ ಅರ್ಹತೆ ಅಂದರೆ ಕಲ್ಲಿನ ಮೇಲೆ ಕೆತ್ತಿಟ್ಟ ಒಂದೇ ಪಟ್ಟಿ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯರಿಗೂ ಎನ್‌ಡಿಎ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು. ಆ ಹೊತ್ತಿಗೆ ನಾನು ಮೂರನೇ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದೆ. ಎನ್‌ಡಿಎ ವಯಸ್ಸು ದಾಟಿತ್ತು. ಆದರೆ ಆ ಸುದ್ದಿಯಿಂದಾಗಿ ಕಾಲೇಜಿನ ಸೀನಿಯರ್ ಒಬ್ಬಳು ನನ್ನ ಜೊತೆ ಮಾತಿಗೆ ಕೂತಳು. ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆದವಳು ಅವಳು. ಡಿಗ್ರಿ ಆದವರಿಗೆ ಆ ಪರೀಕ್ಷೆ ಇದೆ, ಹುಡುಗಿಯರೂ ಬರೆಯಬಹುದು, ಕನ್ನಡಕ ತೆಗೆಸುವ ಲೇಸರ್ ಆಪರೇಷನ್, ಅಂದರೆ ಲೇಸಿಕ್, ಮಾಡಿಸಿಕೊಂಡ ಕಣ್ಣನ್ನೂ ಒಪ್ಪುತ್ತಾರೆ ಎಂದಳು. ನನಗೆ ನಂಬಿಕೆಯೇ ಬರಲಿಲ್ಲ. ರಾತ್ರಿ ಅಧಿಸೂಚನೆ ತೆಗೆದು ಓದಿದೆ. ಅವಳು ಹೇಳಿದ್ದೆಲ್ಲ ಅಲ್ಲಿತ್ತು.

ಆದರೆ ಷರತ್ತುಗಳಿದ್ದವು. 20 ವರ್ಷ ತುಂಬುವ ಮೊದಲು ಆಪರೇಷನ್ ಆಗಿರಬಾರದು. ಆದ ಮೇಲೆ ಕನಿಷ್ಠ 12 ತಿಂಗಳು ಕಳೆದಿರಬೇಕು. ಮೊದಲಿದ್ದ ಪವರ್ 6ಕ್ಕಿಂತ ಜಾಸ್ತಿ ಇರಬಾರದು. ಕಣ್ಣುಗುಡ್ಡೆಯ ಉದ್ದ 25.5 ಮಿ.ಮೀ. ಮೀರಬಾರದು. ಆಪರೇಷನ್ ನಂತರ ಕಾರ್ನಿಯಾದ ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಆಗಬಾರದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಅಳತೆ ಮಾಡಿ, ಕಾರ್ನಿಯಾ ಸಾಕಷ್ಟು ದಪ್ಪ ಇದೆ, ಕಳೆದು ಉಳಿಯುವುದು 450ಕ್ಕಿಂತ ಎಷ್ಟೋ ಜಾಸ್ತಿ ಅಂದರು. ಕೊನೆಯ ಸೆಮಿಸ್ಟರ್ ಮುಗಿದ ಮೇಲೆ, 2022ರ ಬೇಸಿಗೆಯಲ್ಲಿ ಮಾಡಿಸಿಕೊಂಡೆ. ಅಪ್ಪನಿಗೆ ಕಣ್ಣಿಗೆ ಲೇಸರ್ ಹಾಕಿಸುವುದು ಅಂದರೆ ಭಯ. "ಮಗಾ, ಇರೋ ಕಣ್ಣು ಹೋದ್ರೆ?" ಅಂತ ಎಷ್ಟು ಸಲ ಕೇಳಿದರೋ. ಅಮ್ಮ ಒಂದೇ ಮಾತಲ್ಲಿ ಒಪ್ಪಿದರು.

12 ತಿಂಗಳು ಕಾಯಬೇಕಿತ್ತಲ್ಲ, ಆಗ ಬೆಂಗಳೂರಲ್ಲಿ ಕೆಲಸ ಮಾಡುತ್ತಾ ಹಳೆಯ ಅಧಿಸೂಚನೆಗಳನ್ನು ಹುಡುಕಿ ಅಕ್ಕಪಕ್ಕ ಇಟ್ಟು ಓದುವ ಅಭ್ಯಾಸ ಮಾಡಿಕೊಂಡೆ. ಕೋಚಿಂಗ್‌ನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು. ಪಿಯುಸಿಯಲ್ಲಿ ಗಣಿತಕ್ಕೂ ಭೌತಶಾಸ್ತ್ರಕ್ಕೂ ತಲಾ 60 ಪರ್ಸೆಂಟ್ ಬೇಕು ಎಂದು ಮೊದಲು ಇತ್ತು. ನಾನು ಅರ್ಜಿ ಹಾಕುವಾಗ ಅದು 50 ಆಗಿತ್ತು. ಎಎಫ್‌ಕ್ಯಾಟ್‌ನ ಕಟ್-ಆಫ್ 300ಕ್ಕೆ, 2019ರ ಮೊದಲ ಸಲದ್ದು 133, 2021ರ ಮೊದಲ ಸಲದ್ದು 165. ಪ್ರಶ್ನೆಪತ್ರಿಕೆ ಸುಲಭವೋ ಕಷ್ಟವೋ ಎನ್ನುವುದೂ ಇದರಲ್ಲಿ ಸೇರಿರುತ್ತದೆ, ಒಪ್ಪುತ್ತೇನೆ. ಆದರೂ 140 ತೆಗೆದ ಹುಡುಗಿ ಒಂದು ವರ್ಷ ಎಸ್‌ಎಸ್‌ಬಿಗೆ, ಅಂದರೆ ಆಯ್ಕೆ ಮಂಡಳಿಯ ಮುಂದೆ, ಹೋಗುತ್ತಾಳೆ, ಇನ್ನೊಂದು ವರ್ಷ ಮನೆಯಲ್ಲಿರುತ್ತಾಳೆ.

ಹೆಂಗಸರ ವಿಷಯದಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ. 1994ರಲ್ಲಿ ಮೊದಲ ತಂಡ ಪೈಲಟ್ ಆದಾಗ ಅವರಿಗೆ ಹೆಲಿಕಾಪ್ಟರ್ ಮತ್ತು ಸಾಗಣೆ ವಿಮಾನ ಮಾತ್ರ. ಫೈಟರ್ ಹಾರಿಸಲು ಹೆಣ್ಣಿನ ದೇಹ ಒಗ್ಗದು ಎಂಬ ಮಾತು ಎಷ್ಟೋ ವರ್ಷ ನಡೆಯಿತು. 2015ರಲ್ಲಿ ಪ್ರಯೋಗವೆಂದು ಒಪ್ಪಿದರು. 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಫೈಟರ್ ವಿಭಾಗಕ್ಕೆ ಸೇರಿದರು. ಅವರು ಮುಂದೆ ಹಾಕ್ ಎಂಬ ತರಬೇತಿ ಜೆಟ್ ವಿಮಾನದಲ್ಲಿ ಕಲಿತದ್ದು ನಮ್ಮ ಬೀದರ್‌ನಲ್ಲಿ. 2022ರಲ್ಲಿ ಆ ಪ್ರಯೋಗವನ್ನು ಕಾಯಂ ಮಾಡಿದರು. 1994ರಿಂದ 2016ರ ಒಳಗೆ ಹೆಣ್ಣಿನ ದೇಹವೇನೂ ಬದಲಾಗಲಿಲ್ಲ, ಅಲ್ವಾ?

2023ರ ಎರಡನೇ ಎಎಫ್‌ಕ್ಯಾಟ್‌ಗೆ ಅರ್ಜಿ ಹಾಕಿದೆ. ಅಧಿಸೂಚನೆಯಲ್ಲಿ ಒಟ್ಟು 276 ಹುದ್ದೆ. ಅದರಲ್ಲಿ ಪೈಲಟ್‌ಗಳ ವಿಭಾಗವಾದ ಫ್ಲೈಯಿಂಗ್ ಬ್ರಾಂಚ್‌ಗೆ, ಹುಡುಗರು ಹುಡುಗಿಯರು ಸೇರಿ, 11. ಆ ಸಂಖ್ಯೆಯನ್ನು ನೋಡಿಯೂ ನಾನು ಹೆಚ್ಚು ಯೋಚಿಸಲಿಲ್ಲ. ನನಗೆ ಬೇಕಾದದ್ದು ಒಂದು ಸೀಟು ಅಷ್ಟೇ ಅನ್ನುವ ಹುರುಪು. ಪರೀಕ್ಷೆಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎರಡು ಗಂಟೆ, 100 ಪ್ರಶ್ನೆ, ತಪ್ಪಿಗೆ ಒಂದು ಅಂಕ ಕಡಿತ. ಪಾಸಾದೆ. ಎಎಫ್‌ಎಸ್‌ಬಿಗೆ, ಅಂದರೆ ವಾಯುಪಡೆಯ ಎಸ್‌ಎಸ್‌ಬಿಗೆ, ಮೈಸೂರು ಸಿಕ್ಕಿತು.

ಮೈಸೂರಿನ ಮೊದಲ ದಿನವೇ ಸ್ಕ್ರೀನಿಂಗ್. ಬೆಳಿಗ್ಗೆ ಎದೆಗೆ ಚೆಸ್ಟ್ ನಂಬರ್ ಕಟ್ಟಿಕೊಂಡವರಲ್ಲಿ ಮುಕ್ಕಾಲು ಪಾಲು ಮಂದಿ ಮಧ್ಯಾಹ್ನ ಬ್ಯಾಗ್ ಹಿಡಿದು ಬಸ್ ಹತ್ತಿದರು. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯುವುದು, 15 ಸೆಕೆಂಡಿಗೊಂದು ಪದಕ್ಕೆ ವಾಕ್ಯ ಬರೆಯುವುದು, ಹಲಗೆ ಹಗ್ಗ ಹಿಡಿದು ಗುಂಪಾಗಿ ಅಡೆತಡೆ ದಾಟುವುದು. ಇವುಗಳ ಬಗ್ಗೆ ಎಲ್ಲ ಕಡೆ ಬೇಕಾದಷ್ಟು ಬರೆದಿದ್ದಾರೆ. ನನ್ನ ಮನಸ್ಸಲ್ಲಿ ಉಳಿದದ್ದು ಇಂಟರ್‌ವ್ಯೂ.

ಒಳಗಿದ್ದ ಅಧಿಕಾರಿ ಮೊದಲು ಊರು, ಮನೆ, ಓದು ಕೇಳಿದರು. ಆಮೇಲೆ, ಕರ್ನಾಟಕದವರೊಬ್ಬರಿಗೆ ವಾಯುಪಡೆಯಲ್ಲಿ ಮಹಾವೀರ ಚಕ್ರ ಬಂದಿದೆ, ಗೊತ್ತಾ ಎಂದರು. ಗೊತ್ತಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು. ತನಗಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಮೇಲೆ ತಿರುಗಿಬಿದ್ದು ಅದನ್ನು ಹೊಡೆದುರುಳಿಸಿ ತಾವೂ ಮಡಿದವರು. ವಿಷಯ ಹೊರಗೆ ಬರಲು ಬಹಳ ವರ್ಷ ಹಿಡಿಯಿತು. ಪದಕ ಬಂದದ್ದು 1988ರಲ್ಲಿ. ಇಷ್ಟು ಹೇಳಿದೆ.

"ಯುದ್ಧಕ್ಕೆ ಮುಂಚೆ ಅವರು ಏನು ಮಾಡುತ್ತಿದ್ದರು?" ಎಂದರು.

ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರು, ಯುದ್ಧ ಬಂದಾಗ ಸ್ಕ್ವಾಡ್ರನ್‌ಗೆ ಕಳಿಸಿದರು ಎಂದೆ. ಅವರು ಅದಕ್ಕೇ ಕಾಯುತ್ತಿದ್ದಂತೆ ಮುಂದಿನ ಪ್ರಶ್ನೆ ಹಾಕಿದರು. ಪೈಲಟ್‌ಗಳ ಕೊರತೆ ಇದೆ ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಹಾಗಿದ್ದರೆ ಅರ್ಹತೆಯನ್ನು ಸ್ವಲ್ಪ ಸಡಿಲ ಮಾಡಿದರೆ ಆಗುವುದಿಲ್ಲವೇ?

ಕೋಣೆಯಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಮೆರಿಕದವರು ಎರಡನೇ ಮಹಾಯುದ್ಧದಲ್ಲಿ ಅದನ್ನೇ ಮಾಡಿದರು. ಯುದ್ಧಕ್ಕೆ ಮುಂಚೆ ಅವರ ಸೇನೆಯಲ್ಲಿ ಪೈಲಟ್ ಕೆಡೆಟ್ ಆಗಲು ಎರಡು ವರ್ಷದ ಕಾಲೇಜು ಓದು ಬೇಕಿತ್ತು. 1942ರ ಜನವರಿಯಲ್ಲಿ ಅದನ್ನು ತೆಗೆದು ಒಂದು ಲಿಖಿತ ಪರೀಕ್ಷೆ ಇಟ್ಟರು. 18 ವರ್ಷದವರನ್ನೂ ತೆಗೆದುಕೊಂಡರು. ಹುಡುಗರು ಸಾಲುಗಟ್ಟಿದರು. 1944ಕ್ಕೆ ಲೆಕ್ಕ ತಿರುಗಿತು. ಇಷ್ಟು ಪೈಲಟ್‌ಗಳು ಬೇಡ, ಕಾಲಾಳುಗಳು ಬೇಕು ಅನ್ನುವ ಸ್ಥಿತಿ ಬಂತು. ತರಬೇತಿಗೆಂದು ಬಂದಿದ್ದ ಸಾವಿರಾರು ಹುಡುಗರನ್ನು, ಅವರಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ, ನೆಲದ ಸೇನೆಗೆ ವಾಪಸ್ ಕಳಿಸಿದರು. ಅರ್ಜಿ ಹಾಕುವಾಗ ಬಾಗಿಲು ಅಗಲ ಇತ್ತು ಎಂದರೆ ಕೊನೆಯವರೆಗೂ ಹಾಗೇ ಇರುತ್ತದೆ ಅಂತಿಲ್ಲ.

ನಾನು ಕೊಟ್ಟ ಉತ್ತರ ಇದು: ಓದು, ಅಂಕ, ವಯಸ್ಸು ಇವನ್ನು ಸಡಿಲ ಮಾಡಿದರೆ ಬರುವವರು ಜಾಸ್ತಿ ಆಗುತ್ತಾರೆ. ಆದರೆ ಕಲಿಸುವವರೂ ಕಲಿಸುವ ವಿಮಾನಗಳೂ ಜಾಸ್ತಿ ಆಗುವುದಿಲ್ಲ. 2009ರಲ್ಲಿ ಎಚ್‌ಪಿಟಿ-32 ದೀಪಕ್ ವಿಮಾನಗಳನ್ನು ಅಪಘಾತಗಳ ಕಾರಣಕ್ಕೆ ನಿಲ್ಲಿಸಿದಾಗ ಮೊದಲ ಹಂತದ ತರಬೇತಿಗೆ ವಿಮಾನವೇ ಇರಲಿಲ್ಲ. ಕಿರಣ್ ಜೆಟ್‌ನಲ್ಲಿ ಕಲಿಸಬೇಕಾಯಿತು. ಹೊಸ ತರಬೇತಿ ವಿಮಾನ ಪಿಲಾಟಸ್ ಬಂದದ್ದು 2013ಕ್ಕೆ. ಆ ನಾಲ್ಕು ವರ್ಷ ದೇಶದಲ್ಲಿ ಒಳ್ಳೆಯ ಹುಡುಗರಿಗೇನೂ ಬರ ಇರಲಿಲ್ಲ. ಯುದ್ಧ ಬಂದಾಗ ಇನ್‌ಸ್ಟ್ರಕ್ಟರ್‌ಗಳನ್ನೇ ಕಳಿಸಿದರೆ ಮುಂದಿನ ಬ್ಯಾಚ್‌ಗೆ ಕಲಿಸುವವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಅವರು ತಲೆ ಆಡಿಸಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಬರೆದುಕೊಂಡರು.

ಕಾನ್ಫರೆನ್ಸ್ ಆದ ಮೇಲೆ ಶಿಫಾರಸಾದವರ ನಂಬರ್ ಕೂಗಿದರು. ನನ್ನದೂ ಇತ್ತು. ಫ್ಲೈಯಿಂಗ್ ಕೇಳಿದವರಿಗೆ ಇನ್ನೊಂದು ಪರೀಕ್ಷೆ ಬಾಕಿ. ಸಿಪಿಎಸ್‌ಎಸ್, ಅಂದರೆ ಕಂಪ್ಯೂಟರಿನಲ್ಲಿ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಮೊದಲು ಪಿಎಬಿಟಿ ಎಂಬ ಪರೀಕ್ಷೆ ಇತ್ತು, ಅದರ ಜಾಗಕ್ಕೆ ಡಿಆರ್‌ಡಿಒ ತಯಾರಿಸಿದ ಇದು ಬಂದಿದೆ. ಕೈಯಲ್ಲಿ ಸ್ಟಿಕ್, ಕಾಲ ಕೆಳಗೆ ಪೆಡಲ್, ಎದುರಿಗೆ ಪರದೆ. ಕೈ ಒಂದು ಕೆಲಸ ಮಾಡಬೇಕು, ಕಾಲು ಇನ್ನೊಂದು, ಕಣ್ಣು ಮತ್ತೊಂದು. ಒಳಗಿನ ವಿವರ ಬರೆಯುವುದು ಸರಿಯಲ್ಲ. ಬರೆದರೂ ಉಪಯೋಗ ಇಲ್ಲ. ಇದು ಓದಿ ಪಾಸಾಗುವ ಪರೀಕ್ಷೆ ಅಲ್ಲ.

ಇದು ಜೀವಮಾನದಲ್ಲಿ ಒಂದೇ ಸಲ. ಫೇಲ್ ಆದರೆ ಮತ್ತೆ ಯಾವ ದಾರಿಯಿಂದ ಬಂದರೂ ವಾಯುಪಡೆಯಲ್ಲಿ ಪೈಲಟ್ ಆಗುವಂತಿಲ್ಲ. ಹಳೆಯ ಪಿಎಬಿಟಿಯಲ್ಲೂ ಇದೇ ನಿಯಮ. ಅಂಕ, ವಯಸ್ಸು, ಹೆಣ್ಣು ಗಂಡು, ಲೇಸರ್ ಎಲ್ಲ ಬದಲಾದವು. ಪರೀಕ್ಷೆಯ ಯಂತ್ರವೂ ಬದಲಾಯಿತು. "ಒಂದೇ ಸಲ" ಅನ್ನುವುದನ್ನು ಮಾತ್ರ ಯಾರೂ ಮುಟ್ಟಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ಅಭ್ಯಾಸ ಮಾಡಿ ಮಾಡಿ ಪಾಸಾಗುವ ಹಾಗಿದ್ದರೆ, ಗಾಳಿಯಲ್ಲಿ ಹೊಸ ಪರಿಸ್ಥಿತಿ ಬಂದಾಗ ಕೈಕಾಲು ಹೇಗೆ ಓಡುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ. ನಮ್ಮ ಬ್ಯಾಚಿನಲ್ಲಿ ತುಂಬ ಚುರುಕಾಗಿದ್ದ ಕೇರಳದ ಹುಡುಗಿ ಇದರಲ್ಲಿ ಉಳಿಯಲಿಲ್ಲ. ಅವಳು ಗ್ರೌಂಡ್ ಡ್ಯೂಟಿ, ಅಂದರೆ ವಿಮಾನ ಹಾರಿಸದ ಹುದ್ದೆಗಳನ್ನೂ ಆಯ್ಕೆಯಲ್ಲಿ ಬರೆದಿದ್ದಳು, ಹಾಗಾಗಿ ದಾರಿ ಪೂರ್ತಿ ಮುಚ್ಚಲಿಲ್ಲ.

ಮೆಡಿಕಲ್ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಐಎಎಂನಲ್ಲಿ, ಅಂದರೆ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ವಿಮಾನ ಹಾರಿಸುವವರ ದೇಹದ ಬಗ್ಗೆ 1957ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ ಅದು. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರು. ಕಣ್ಣುಗುಡ್ಡೆಯ ಉದ್ದ, ಕಾರ್ನಿಯಾದ ದಪ್ಪ ಎರಡೂ ಅಳೆದರು. ಆಪರೇಷನ್‌ಗೆ ಮುಂಚಿನ ರಿಪೋರ್ಟ್ ಕೇಳಿದರು. ಕೊಟ್ಟೆ. ಬಣ್ಣದ ಪರೀಕ್ಷೆ, ಬೆನ್ನುಮೂಳೆಯ ಎಕ್ಸ್‌ರೇ, ಕಿವಿ, ಹಲ್ಲು, ರಕ್ತ.

ಆಮೇಲೆ ದೇಹದ ಅಳತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎತ್ತರ ಕನಿಷ್ಠ 162.5 ಸೆಂ.ಮೀ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿನವರು ಬೀಳುವುದು ಕೂತಾಗಿನ ಅಳತೆಯಲ್ಲಿ. ಗೋಡೆಗೆ ಬೆನ್ನು, ಸೊಂಟ ಅಂಟಿಸಿ ಕೂರಬೇಕು. ಕಾಲು ಮುಂದಕ್ಕೆ ನೇರ ಚಾಚಬೇಕು. ಮೊಣಕಾಲು ಮೇಲೇಳದಂತೆ ಸಿಬ್ಬಂದಿ ಒಬ್ಬರು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಗೋಡೆಯಿಂದ ಹಿಮ್ಮಡಿವರೆಗೆ 99ರಿಂದ 120 ಸೆಂ.ಮೀ. ಒಳಗೆ ಇರಬೇಕು. ನಾನು ಉಸಿರು ಬಿಗಿಹಿಡಿದರೆ ಕಾಲು ಉದ್ದ ಆಗುತ್ತದೇನೋ ಅನ್ನುವ ಹಾಗೆ ಕೂತಿದ್ದೆ. 99 ದಾಟಿತು, ದೊಡ್ಡ ಅಂತರದಲ್ಲೇನಲ್ಲ. ಸೊಂಟದ ಹಿಂಭಾಗದಿಂದ ಮೊಣಕಾಲಿನ ತುದಿವರೆಗೆ 64 ಸೆಂ.ಮೀ. ಮೀರಬಾರದು. ಕೂತಾಗಿನ ಎತ್ತರ 81.5ರಿಂದ 96.

ಬಾಗಲಕೋಟೆ ಕಡೆಯ ಹುಡುಗನೊಬ್ಬ ನಮ್ಮ ಜೊತೆ ಇದ್ದ. ಆರಡಿ ಮೇಲೆ ಎತ್ತರ, ಸಿಪಿಎಸ್‌ಎಸ್ ಸಲೀಸಾಗಿ ಪಾಸಾದವ. ಅವನ ತೊಡೆ 64 ದಾಟಿತು. ಎರಡನೇ ಸಲ ಅಳೆದರು. ಅದೇ ಬಂತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಅಕ್ಕಾರ, ಗಿಡ್ಡ ಇದ್ದವ್ರ್ನ ಬ್ಯಾಡ ಅಂತಾರ ಅಂತ ಕೇಳಿದ್ದೆ. ಉದ್ದ ಆಗೂದೂ ತಪ್ಪೇನ್ರಿ?" ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಲ್ಲಿದ್ದ ಡಾಕ್ಟರ್ ಅವನನ್ನು ಕರೆದು ಕೂರಿಸಿಕೊಂಡು ವಿವರಿಸಿದರು. ತುರ್ತಿನಲ್ಲಿ ಸೀಟು ಸಮೇತ ಹೊರಕ್ಕೆ ಚಿಮ್ಮುವಾಗ ಉದ್ದ ತೊಡೆಯವರ ಮೊಣಕಾಲು ಎದುರಿನ ಪ್ಯಾನೆಲ್‌ಗೆ ಬಡಿಯಬಹುದು. ಕಾಲು ಗಿಡ್ಡ ಇದ್ದರೆ ಪೆಡಲ್ ಪೂರ್ತಿ ಒತ್ತಲು ಆಗುವುದಿಲ್ಲ. "ನಿನ್ನಲ್ಲಿ ಏನೂ ದೋಷ ಇಲ್ಲಪ್ಪ, ಕಾಕ್‌ಪಿಟ್ ಅಷ್ಟೇ ಇದೆ" ಎಂದರು. ಅಷ್ಟು ಸಮಾಧಾನವಾಗಿ ಹೇಳಿದ್ದು ಅವನಿಗೆ ಎಷ್ಟೋ ನಿರಾಳ ಮಾಡಿತು.

ಕಾಕ್‌ಪಿಟ್ ಅಷ್ಟೇ ಇದೆ ಎನ್ನುವುದು ನಿಜ. ಆದರೆ ಎಲ್ಲ ವಿಮಾನದ ಕಾಕ್‌ಪಿಟ್ ಒಂದೇ ಅಲ್ಲವಲ್ಲ. ನಮ್ಮ 162.5 ಸೆಂ.ಮೀ. ಅಂದರೆ 5 ಅಡಿ 4 ಇಂಚು. ಅಮೆರಿಕದ ವಾಯುಪಡೆಯಲ್ಲೂ ಕನಿಷ್ಠ ಎತ್ತರ ಇದೇ ಇತ್ತು, ಗರಿಷ್ಠ 6 ಅಡಿ 5 ಇಂಚು. ಪೈಲಟ್‌ಗಳ ಕೊರತೆ ಕಾಡಿದ ಮೇಲೆ, 2020ರಲ್ಲಿ ಆ ಮಿತಿಯನ್ನು ತೆಗೆದರು. ಬಂದವರ ಕೈಕಾಲು, ಕೂತ ಎತ್ತರ ಅಳೆದು ಯಾವ ವಿಮಾನಕ್ಕೆ ಹೊಂದುತ್ತಾರೆ ಎಂದು ನೋಡುತ್ತಾರೆ. ಮೊದಲ ಮಿತಿಯಿಂದ ಹೆಚ್ಚು ಹೊರಗುಳಿಯುತ್ತಿದ್ದವರು ಹೆಂಗಸರು. ನಮ್ಮಲ್ಲೂ ಹೀಗೆ ಮಾಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಹುಡುಗಿಯರಲ್ಲಿ 5 ಅಡಿ 4 ಇಂಚು ಇರುವವರು ಎಷ್ಟು ಮಂದಿ? ಇದು ಸಡಿಲ ಮಾಡುವ ಮಾತಲ್ಲ, ಸರಿಯಾಗಿ ಅಳೆಯುವ ಮಾತು.

ನಾನು ಮೆಡಿಕಲಿ ಫಿಟ್ ಆದೆ. ಮನೆಗೆ ಫೋನ್ ಮಾಡಿದಾಗ ಅಪ್ಪ ಮಾತಾಡದೆ ಅಮ್ಮನ ಕೈಗೆ ಕೊಟ್ಟರು.

ಆಮೇಲೆ ಮೆರಿಟ್ ಲಿಸ್ಟ್ ಬಂತು. ನನ್ನ ಹೆಸರು ಇರಲಿಲ್ಲ. ಲಿಖಿತ ಪರೀಕ್ಷೆಯ ಅಂಕ, ಎಎಫ್‌ಎಸ್‌ಬಿ ಅಂಕ ಎರಡೂ ಸೇರಿಸಿ ಮೇಲಿನಿಂದ ಇಳಿಯುತ್ತಾ ಬರುತ್ತಾರೆ. ಸೀಟು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಲಿಸ್ಟ್ ಮುಗಿಯುತ್ತದೆ. 11 ಸೀಟಿನ ಲಿಸ್ಟ್ ಬೇಗ ಮುಗಿಯುತ್ತದೆ.

ಅಷ್ಟರಲ್ಲಿ 2024ರ ಮೊದಲ ಎಎಫ್‌ಕ್ಯಾಟ್‌ನ ಅಧಿಸೂಚನೆ ಬಂದಿತ್ತು. ಫ್ಲೈಯಿಂಗ್‌ಗೆ 38 ಸೀಟು. ಆರು ತಿಂಗಳಲ್ಲಿ 11ರಿಂದ 38. ನಾನು ಹುಟ್ಟಿದ್ದು 2000ದ ಸೆಪ್ಟೆಂಬರ್‌ನಲ್ಲಿ. ಕೋರ್ಸ್ ಶುರುವಾಗುವ ಹೊತ್ತಿಗೆ 24 ದಾಟಿರಬಾರದು ಎಂಬ ಲೆಕ್ಕದಲ್ಲಿ ಆ ಸಲ ಅರ್ಜಿ ಹಾಕಲು 2001ರ ಜನವರಿ 2 ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಶಿಫಾರಸು, ಸಿಪಿಎಸ್‌ಎಸ್, ಮೆಡಿಕಲ್ ಎಲ್ಲ ಪಾಸಾಗಿದ್ದೂ ನಾಲ್ಕು ತಿಂಗಳಿಗೆ ತಪ್ಪಿತು. ಎಷ್ಟೋ ದಿನ ಊಟ ಸೇರಲಿಲ್ಲ.

ಅದೇ ಅಧಿಸೂಚನೆಯ ಅದೇ ಪ್ಯಾರಾದಲ್ಲಿ ಇನ್ನೊಂದು ಸಾಲು ಇದೆ. ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ 26 ವರ್ಷದವರೆಗೆ ಅವಕಾಶ. ಇದೇನೂ ಹೊಸ ಯೋಚನೆ ಅಲ್ಲ. 1940ರಲ್ಲಿ ಬ್ರಿಟನ್‌ಗೆ ಪೈಲಟ್‌ಗಳು ತುರ್ತಾಗಿ ಬೇಕಾದಾಗ ಇಲ್ಲಿಂದ 24 ಭಾರತೀಯರು ಹೋದರು. ವಿಮಾನ ಹಾರಿಸುವುದನ್ನು ಮೊದಲೇ ಕಲಿತಿದ್ದವರು ಅವರು. ಪೇಟ ಕಟ್ಟಿಕೊಂಡೇ ಯುದ್ಧವಿಮಾನ ಹಾರಿಸಿದ ಮೊಹಿಂದರ್ ಸಿಂಗ್ ಪುಜ್ಜಿ ಅವರಲ್ಲಿ ಒಬ್ಬರು. ಕಲಿಸುವ ಸಮಯ ಉಳಿಯುತ್ತದೆ ಎಂಬ ಲೆಕ್ಕ ಆಗಲೂ ಇತ್ತು, ಈಗಲೂ ಇದೆ.

ನಾನೂ ವಿಚಾರಿಸಿದೆ. ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಕೇಳಿದಲ್ಲೆಲ್ಲ 50 ಲಕ್ಷದ ಆಸುಪಾಸು ಹೇಳಿದರು. ನಮ್ಮ ತೋಟ ಮಾರಿದರೂ ಅಷ್ಟು ಬರುವುದಿಲ್ಲ. ಬಂದರೂ ಮಾರಿಸುವ ಮನಸ್ಸು ನನಗಿಲ್ಲ. ಎರಡು ವರ್ಷದ ಈ ರಿಯಾಯಿತಿ ದುಡ್ಡಿದ್ದ ಮನೆಯ ಮಕ್ಕಳಿಗೆ ಮಾತ್ರ ಸಿಗುತ್ತದೆ ಎಂಬುದು ನನಗೆ ಈಗಲೂ ನೋವಿನ ವಿಷಯ. ಶಿಫಾರಸಾಗಿ, ಸಿಪಿಎಸ್‌ಎಸ್ ಪಾಸಾಗಿ, ಫಿಟ್ ಆಗಿ, ಸೀಟಿಲ್ಲದೆ ಉಳಿದವರಿಗೂ ಅದೇ ಎರಡು ವರ್ಷ ಕೊಡಬಹುದಲ್ಲ? ಅವರ ಮೇಲೆ ವಾಯುಪಡೆ ಈಗಾಗಲೇ ಸಮಯ, ದುಡ್ಡು ಎರಡೂ ಖರ್ಚು ಮಾಡಿರುತ್ತದೆ.

2024ರ ಡಿಸೆಂಬರ್‌ನಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಬಂದಾಗ ಓದಿದೆ. 2015ರಲ್ಲಿ ಪೈಲಟ್‌ಗಳ ಕೊರತೆ 486 ಇತ್ತು, 2021ರ ಕೊನೆಗೆ 596 ಆಗಿತ್ತು. 2016ರಿಂದ 2021ರವರೆಗೆ ವರ್ಷಕ್ಕೆ 222 ಮಂದಿಯನ್ನು ತರಬೇತಿಗೆ ತೆಗೆದುಕೊಳ್ಳುವ ಯೋಜನೆ ಇತ್ತು, ಅಷ್ಟು ಮಂದಿ ಸೇರಲಿಲ್ಲ. ಇತ್ತ 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಗಿ, 42 ಇರಬೇಕಾದ ಫೈಟರ್ ಸ್ಕ್ವಾಡ್ರನ್ 29ಕ್ಕೆ ಇಳಿದವು. ಹೊಸ ವಿಮಾನ ಬಂದಂತೆ ಪೈಲಟ್‌ಗಳೂ ಬೇಕಾಗುತ್ತಾರೆ. 70 ಎಚ್‌ಟಿಟಿ-40 ತರಬೇತಿ ವಿಮಾನಗಳಿಗೆ ಎಚ್‌ಎಎಲ್ ಜೊತೆ 2023ರಲ್ಲಿ ಒಪ್ಪಂದ ಆಗಿದೆ. ಅವು ಎಷ್ಟು ಬೇಗ ಅಕಾಡೆಮಿ ಸೇರುತ್ತವೋ ನೋಡಬೇಕು. ಅರ್ಜಿ ಹಾಕುವವರು ಕಟ್-ಆಫ್ ಜೊತೆಗೆ ಈ ಸುದ್ದಿಯ ಮೇಲೂ ಕಣ್ಣಿಡಿ. ಸೀಟು ಏರುವುದು ಇಳಿಯುವುದು ಇಲ್ಲಿಂದ.

ಲೇಸಿಕ್ ಮಾಡಿಸುವವರಿಗೆ ಒಂದು ಮಾತು. ಆಪರೇಷನ್‌ಗೆ ಮುಂಚಿನ ಪವರ್, ಕಣ್ಣುಗುಡ್ಡೆಯ ಉದ್ದ, ಕಾರ್ನಿಯಾದ ದಪ್ಪ ಮೂರೂ ಇರುವ ರಿಪೋರ್ಟ್‌ಗೆ ಆಸ್ಪತ್ರೆಯ ಸೀಲು ಹಾಕಿಸಿ ಇಟ್ಟುಕೊಳ್ಳಿ. ಆಪರೇಷನ್ ಆದ ತಾರೀಖು ಎಲ್ಲ ಕಾಗದದಲ್ಲೂ ಒಂದೇ ಇರಲಿ. 12 ತಿಂಗಳು ಕಾಯಬೇಕು, 24ರ ಗಡುವೂ ಇದೆ. ಹಾಗಾಗಿ 20 ತುಂಬಿದ ಮೇಲೆ ತಡ ಮಾಡಬೇಡಿ. ಕಾಲಿನ ಅಳತೆಯನ್ನು ಅರ್ಜಿಗೆ ಮುಂಚೆಯೇ ಮನೆಯ ಗೋಡೆಗೆ ಒರಗಿ ಕೂತು, ಯಾರಾದರೂ ಮೊಣಕಾಲು ಒತ್ತಿ ಹಿಡಿಯಲಿ, ಮರದ ಸ್ಕೇಲಿನಲ್ಲಿ ನೋಡಿಕೊಳ್ಳಿ. ಟೇಪು ಬಾಗುತ್ತದೆ.